ತಿರುಳ್ಗನ್ನಡದ ತಿರುಕ: ರೆವರೆಂಡ್ ಉತ್ತಂಗಿ ಚನ್ನಪ್ಪನವರು

ಆಡಿದ ಮಾತು ಗಾಳಿಗೆ ಹಾರಿಹೋಗದೆ ಕೇಳಿದವರ ಹೃದಯದಲ್ಲಿ ನೆಲೆಗೊಳ್ಳಬೇಕಾದರೆ ಅದಕ್ಕೆ ಎಂಥ ಕಟ್ಟು ಬೇಕು? ವಾರ್ಷಿಕೋತ್ಸವದ ಭಾಷಣಸ್ಪರ್ಧೆಗೆ ನಿಲ್ಲುವ ಪ್ರತಿಯೊಬ್ಬ ಬಾಲಿಕೆಗೂ ಈ ಪ್ರಶ್ನೆಯು ಎದುರಾಗುತ್ತದೆ. ಇದರ ಉತ್ತರವನ್ನು ಅಲಂಕಾರಶಾಸ್ತ್ರದ ಗ್ರಂಥಗಳಲ್ಲಿ ಅರಸುವುದಕ್ಕಿಂತ, ಜನರ ನಾಲಗೆಯ ಮೇಲೆ ಉಳಿದುಬಂದ ಮಾತುಗಳನ್ನು ಊರೂರು ತಿರುಗಿ ಬೇಡಿ ತಂದ ಒಬ್ಬ ಕ್ರೈಸ್ತ ಬೋಧಕರ ಜೀವಿತದಲ್ಲಿ ಅರಸುವುದು ಲೇಸೆಂದು ನಮಗೆ ತೋರುತ್ತದೆ.

ಚನ್ನಪ್ಪನವರು 1881ನೆಯ ಇಸವಿ ಅಕ್ಟೋಬರ್ 28ರಂದು ಧಾರವಾಡದಲ್ಲಿ ಜನಿಸಿದರು. ಬಳ್ಳಾರಿ ಸೀಮೆಯ ಹಡಗಲಿ ಭಾಗದ ಉತ್ತಂಗಿ ಗ್ರಾಮವು ಪೂರ್ವಜರ ಮೂಲಸ್ಥಾನವಾದುದರಿಂದ ಆ ಹೆಸರೇ ಮನೆತನಕ್ಕೆ ನಿಂತಿತು. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದು ನೆಲಸಿದ್ದರು. ಅವರ ಆಶ್ರಯದಲ್ಲಿಯೇ ಬಾಲಕನ ವಿದ್ಯಾಭ್ಯಾಸವು ನಡೆಯಿತು. ಮುಂದೆ ಮಂಗಳೂರಿನ ದೇವಜ್ಞಾನ ಶಾಲೆಯಲ್ಲಿ ಓದಿ, ಬೋಧಕವೃತ್ತಿಯನ್ನು ಕೈಕೊಂಡು, ಹುಬ್ಬಳ್ಳಿ, ಮುಳಗುಂದ ಮೊದಲಾದ ಸ್ಥಳಗಳಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದರು.

ಬೋಧಕನಿಗೆ ಮಾತೇ ಬಂಡವಾಳ. ಓದುಬರಹವಿಲ್ಲದ ಒಕ್ಕಲಿಗರೂ ನೇಕಾರರೂ ಕೂಡಿದ ಸಭೆಯಲ್ಲಿ ಪುಸ್ತಕದ ಮಾತು ಬಾಗಿಲು ದಾಟುವದರೊಳಗಾಗಿ ಮರೆತುಹೋಗುವದು. ನಮ್ಮ ಕರ್ತನಾದ ಯೇಸುವು ಇದನ್ನು ಬಲ್ಲವನಾಗಿದ್ದನು. ಆದಕಾರಣವೇ ಆತನು ಬಿತ್ತುವವನ ಬೀಜ, ಹಿಟ್ಟಿನೊಳಗಿನ ಹುಳಿ, ಹೆಂಗಸೊಬ್ಬಳು ಕಳಕೊಂಡ ನಾಣ್ಯ, ಇಂಥವುಗಳಿಂದ ದೇವರ ರಾಜ್ಯವನ್ನು ತಿಳಿಯಹೇಳಿದನು. ಪರ್ವತಪ್ರಸಂಗದ ಆರಂಭದಲ್ಲಿ ಒಂದೇ ಪದವನ್ನು ಮೇಲಿಂದ ಮೇಲೆ ಇಟ್ಟು, ಕೇಳುವವರು ತಪ್ಪದೆ ನೆನಪಿಡುವಂತೆ ಮಾಡಿದನು. ಈ ಗುಟ್ಟು ಕನ್ನಡ ನಾಡಿನಲ್ಲಿಯೂ ಒಬ್ಬನಿಗೆ ಗೊತ್ತಿತ್ತು. ಆತನೇ ಸರ್ವಜ್ಞ. ಚನ್ನಪ್ಪನವರು ತಮ್ಮ ಆಯುಷ್ಯದ ಅನೇಕ ವರ್ಷಗಳನ್ನು ಆ ತಿರುಕ ಕವಿಯ ತ್ರಿಪದಿಗಳ ಶೋಧನೆಗೆ ಮೀಸಲಿಟ್ಟರು.

ತ್ರಿಪದಿಯೆಂದರೆ ಮೂರು ಸಾಲಿನ ಪದ್ಯ. ರಾಮದುರ್ಗಕ್ಕೆ ದೂರವಲ್ಲದ ಬಾದಾಮಿಯಲ್ಲಿ, ಸುಮಾರು ಕ್ರಿ. ಶ. 700ರ ಕಾಲದ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅದು ಕಲ್ಲಿನ ಮೇಲೆ ಕಾಣಿಸಿಕೊಂಡಿದೆ. ಆದರೆ ಅದರ ನಿಜವಾದ ಮನೆ ಹೆಣ್ಣುಮಕ್ಕಳ ಕಂಠವು. ಚಚಡಿ, ಮುರಗೋಡ, ಬೈಲಹೊಂಗಲಗಳ ಕಡೆಯ ಹಿರಿಯ ವಾಚಕಿಯರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಆ ಸೀಮೆಯಲ್ಲಿ ಬೀಸುವ ಕಲ್ಲು ತಿರುಗುತ್ತಿದ್ದ ಕಾಲದಲ್ಲಿ, ನಸುಕಿನಲ್ಲಿ ಜೋಳ ಬೀಸುತ್ತ ಹಾಡುತ್ತಿದ್ದ ಹಾಡುಗಳು ಬಹುತರವಾಗಿ ತ್ರಿಪದಿಗಳೇ. ಅಕ್ಷರವನ್ನೇ ಅರಿಯದ ಆ ತಾಯಂದಿರು ನೂರಾರು ಪದಗಳನ್ನು ಬಾಯಲ್ಲಿ ಇಟ್ಟುಕೊಂಡದ್ದು ಹೇಗೆ? ಸಾಲುಗಳ ಎರಡನೆಯ ಅಕ್ಷರವು ಒಂದೇ ಆಗಿ ಬರುವುದರಿಂದ ಒಂದು ಸಾಲು ಇನ್ನೊಂದನ್ನು ಕೈಹಿಡಿದು ಕರೆಯುವದು. ಹಾಡುವಾಗ ಎರಡನೆಯ ಸಾಲನ್ನು ಮರಳಿ ಎತ್ತಿಕೊಳ್ಳುವದರಿಂದ ಮೂರನೆಯದನ್ನು ನೆನೆಯಲು ಅವಕಾಶ ಸಿಕ್ಕುವದು. ಮೊದಲಿನ ಎರಡು ಸಾಲುಗಳಿಗೆ ನಾಲ್ಕು ನಾಲ್ಕು ಗಣಗಳಿದ್ದರೆ ಕಡೆಯದಕ್ಕೆ ಮೂರೇ. ಆದುದರಿಂದ ಮಾತು ಅಲ್ಲಿ ಥಟ್ಟನೆ ನಿಂತು, ಮೊಳೆ ಬಡಿದಂತೆ ಮನಸ್ಸಿನಲ್ಲಿ ಊರುವದು.

ಈ ಕಟ್ಟಿಗೆ ಸರ್ವಜ್ಞನು ತನ್ನ ಜಾಣ್ಮೆಯನ್ನು ಸೇರಿಸಿದನು. ಆತನು ಒಮ್ಮೆ ಪ್ರಶ್ನೆ ಕೇಳಿ ಕೇಳುವವನಿಂದಲೇ ಉತ್ತರ ಹೊರಡಿಸುವನು, ಒಮ್ಮೆ ಒಗಟು ಹಾಕುವನು, ಒಮ್ಮೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಎದುರುಬದುರಾಗಿ ನಿಲ್ಲಿಸುವನು. ಹೋಲಿಕೆಗಳನ್ನು ಹೊಲದಿಂದಲೂ ಒಲೆಯಿಂದಲೂ ಸಂತೆಯಿಂದಲೂ ಆರಿಸಿಕೊಂಡು, ಕೊನೆಗೆ ತನ್ನ ಹೆಸರಿನ ಮುದ್ರೆಯನ್ನು ಒತ್ತುವನು. ಸಭೆಯಲ್ಲಿ ಮಾತಾಡಬಯಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯನ್ನು ನಾವು ಕಾಣೆವು.

ಚನ್ನಪ್ಪನವರು ಓಲೆಯ ಪ್ರತಿಗಳನ್ನೂ ಕಾಗದದ ಪ್ರತಿಗಳನ್ನೂ ಹುಡುಕಿದರು. ಹಳ್ಳಿಯ ಮುದುಕರ ಬಾಯಿಂದ ಕೇಳಿ ಬರೆದುಕೊಂಡರು. ಹೀಗೆ ತಿರುಗಿದ್ದರಿಂದಲೇ ಅವರಿಗೆ ತಿರುಳ್ಗನ್ನಡದ ತಿರುಕನೆಂಬ ಹೆಸರು ಬಂದಿತು. 1924ನೆಯ ಇಸವಿಯಲ್ಲಿ ಸರ್ವಜ್ಞನ ವಚನಗಳು ಅವರ ಸಂಪಾದನೆಯಲ್ಲಿ ಗ್ರಂಥರೂಪವಾಗಿ ಹೊರಬಿದ್ದು, ಚದರಿಹೋಗಿದ್ದ ಕವಿ ನಾಡಿಗೆ ಒಟ್ಟಾಗಿ ದೊರೆತನು.

ಆದರೆ ಈ ಕೆಲಸದಲ್ಲಿ ಒಂದು ದೊಡ್ಡ ತೊಡಕು ಇದ್ದಿತು. ಯಾವ ಕಟ್ಟಿನಿಂದ ಒಳ್ಳೆಯ ಮಾತು ಉಳಿಯಿತೋ ಅದೇ ಕಟ್ಟಿನಿಂದ ಪೊಳ್ಳು ಮಾತೂ ಉಳಿಯುತ್ತದೆ. ಮೂರು ಸಾಲು ಹೊಸೆದು ಕಡೆಗೆ ಸರ್ವಜ್ಞನ ಹೆಸರನ್ನು ಅಂಟಿಸುವುದು ಯಾರಿಗೂ ಕಷ್ಟವಲ್ಲ. ಆ ಹೆಸರಿನಲ್ಲಿ ಎಷ್ಟೋ ಪರರ ಪದ್ಯಗಳು ನುಸುಳಿಕೊಂಡವು. ಹೆಣ್ಣನ್ನು ಹಳಿಯುವ ತ್ರಿಪದಿಗಳೂ ಆ ಹೆಸರಿನಲ್ಲಿ ಉಂಟು. ಅವು ಇಂದಿಗೂ ಸಭೆಗಳಲ್ಲಿ ನಗೆಗಾಗಿ ಬಳಕೆಯಾಗುವುದುಂಟು. ಪ್ರಾಸವು ಸರಿಯಾಗಿರುವುದರಿಂದ ಅರ್ಥವೂ ಸರಿಯಾಗಿಯೇ ಇರಬೇಕೆಂದು ಕೇಳುವ ಕಿವಿಯು ಮೋಸಹೋಗುತ್ತದೆ. ಇಂಥ ಮಾತನ್ನು ಎಳವೆಯಲ್ಲಿ ಕೇಳಿ, ಅದನ್ನೇ ಸತ್ಯವೆಂದು ನಂಬಿ, ವಿದ್ಯೆಗೆ ಹಿಂಜರಿದ ಹೆಣ್ಣುಮಕ್ಕಳು ಎಷ್ಟು ಮಂದಿಯೋ! ಆದುದರಿಂದ ಕೂಡಿಸುವವನ ಕೈಯಲ್ಲಿ ಜೋಳಿಗೆಯೊಂದೇ ಇದ್ದರೆ ಸಾಲದು, ಮೊರವೂ ಇರಬೇಕು. ಚನ್ನಪ್ಪನವರು ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ, ವಿಷಯಾನುಸಾರವಾಗಿ ವಿಂಗಡಿಸಿ, ತಮ್ಮ ಗ್ರಂಥವನ್ನು ಸಿದ್ಧಪಡಿಸಿದರು. ಅವರು ಕೂಡಿಸಿಟ್ಟದ್ದರಲ್ಲಿ ಕಾಳೆಷ್ಟು ಹೊಟ್ಟೆಷ್ಟು ಎಂದು ತೂರುವ ಕೆಲಸವು ಓದುವವರ ಪಾಲಿಗೂ ಉಳಿದಿದೆ.

ಕ್ರೈಸ್ತರಾಗಿದ್ದೂ ಅವರು ಶಿವಶರಣರ ವಚನಗಳನ್ನು ಶ್ರದ್ಧೆಯಿಂದ ಅಭ್ಯಾಸಮಾಡಿ, ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತು ಗ್ರಂಥ ಬರೆದರು. ತಮ್ಮ ನಂಬಿಕೆಯನ್ನು ಬಿಡದೆ ನೆರೆಯವನ ಮಾತಿಗೆ ಕಿವಿಗೊಡುವುದು ಸಾಧ್ಯವೆಂಬುದಕ್ಕೆ ಅವರ ಬಾಳೇ ಸಾಕ್ಷಿ. ಕನ್ನಡ ನಾಡು ಇದನ್ನು ಮನ್ನಿಸಿ, 1949ರಲ್ಲಿ ಕಲಬುರ್ಗಿಯಲ್ಲಿ ನೆರೆದ 32ನೆಯ ಸಾಹಿತ್ಯಸಮ್ಮೇಲನದ ಅಧ್ಯಕ್ಷಪೀಠದಲ್ಲಿ ಅವರನ್ನು ಕೂಡಿಸಿತು. 1962ರ ಆಗಸ್ಟ್ ತಿಂಗಳಲ್ಲಿ ಅವರು ಕರ್ತನ ಸನ್ನಿಧಿಗೆ ಸೇರಿದರು.

ತಂದೆತಾಯಿಗಳೇ, ನಿಮ್ಮ ಮಗಳು ವೇದಿಕೆಯ ಮೇಲೆ ನಿಂತು ಸೊಗಸಾಗಿ ಮಾತಾಡಿದರೆ ಸಂತೋಷಪಡಿರಿ. ಆದರೆ ಮನೆಗೆ ಬಂದ ಮೇಲೆ, ಆಡಿದ ಮಾತು ನಿಜವೇ ಎಂದು ಅವಳನ್ನು ಕೇಳುವುದನ್ನು ಮರೆಯದಿರಿ. ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ನೀವು ಈಗ ತಾಯಂದಿರೂ ಉಪಾಧ್ಯಾಯಿನಿಯರೂ ಆಗಿರುವಿರಿ. ನೀವು ಮಕ್ಕಳ ಕಿವಿಯಲ್ಲಿ ಬಿತ್ತುವ ಮಾತು ಅವರ ಮೊಮ್ಮಕ್ಕಳ ವರೆಗೂ ಹೋದೀತು. ಹೋಲಿಕೆಯಿಂದ ಅದನ್ನು ಬೆಳಗಿರಿ, ಪ್ರಾಸದಿಂದ ಬಿಗಿಯಿರಿ, ಪ್ರಶ್ನೆಯಿಂದ ಎಚ್ಚರಿಸಿರಿ. ಆದರೆ ಬಿತ್ತುವ ಮೊದಲು ಬೀಜವನ್ನು ಮೊರದಲ್ಲಿ ಕೇರಿ ನೋಡಿರಿ. ಇಂಥ ವಿವೇಕವನ್ನು ದೇವರು ನಮ್ಮೆಲ್ಲರಿಗೂ ದಯಪಾಲಿಸಲೆಂದು ನಾವು ಪ್ರಾರ್ಥಿಸುತ್ತೇವೆ.