ವಾಪಸ್ ಬರಬೇಕಾದ ದುಡ್ಡು

ಅಲುಮ್ನಿ ಫಂಡ್ ಅಂದ್ರೆ ಪಾಸಾಗಿ ಹೋದ ಸೀನಿಯರ್‌ಗಳು ದುಡ್ಡು ಹಾಕಿ, ತಮ್ಮದೇ ಕ್ಯಾಂಪಸ್ಸಿನವರ ಸ್ಟಾರ್ಟಪ್‌ಗಳಲ್ಲಿ ಪಾಲು ಪಡೆಯುವ ನಿಧಿ. ಹತ್ತರಲ್ಲಿ ಹೆಚ್ಚಿನವು ಮುಳುಗಬಹುದು, ಒಂದೆರಡು ಗೆದ್ದರೂ ಲೆಕ್ಕ ಸರಿಹೋಗುತ್ತೆ. ನಮ್ಮ ಚೊಳಚಗುಡ್ಡದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಗಳನ್ನು ನೋಡುತ್ತಲೇ ಬೆಳೆದವರು ನಾವು. ಟೆಂಟು, ಪರದೆ, ಲೈಟು ಎಲ್ಲಕ್ಕೂ ಮೊದಲೇ ದುಡ್ಡು ಸುರಿಯಬೇಕು. ಜನ ಬಂದರೆ ಬಂತು, ಇಲ್ಲಾಂದ್ರೆ ಇಲ್ಲ.

ಹೀಗೆ ದುಡ್ಡು ಹಾಕೋದರಲ್ಲಿ ನಮಗೆ ಮೊದಲು ನೆನಪಾಗೋದು ಜಮ್‌ಶೆಟ್‌ಜಿ ಟಾಟಾ. ಹುಟ್ಟಿದ್ದು 1839ರಲ್ಲಿ, ಗುಜರಾತಿನ ನವಸಾರಿಯ ಪಾರ್ಸಿ ಪುರೋಹಿತರ ಮನೆತನದಲ್ಲಿ. ಓದಿದ್ದು ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜು. 1868ರಲ್ಲಿ 21,000 ರೂಪಾಯಿ ಬಂಡವಾಳದಿಂದ ಸ್ವಂತ ವ್ಯಾಪಾರ ಶುರು ಮಾಡಿದರು. ಮರುವರ್ಷವೇ ದಿವಾಳಿಯಾಗಿದ್ದ ಒಂದು ಎಣ್ಣೆ ಗಿರಣಿ ಕೊಂಡು, ಅದನ್ನ ಬಟ್ಟೆ ಮಿಲ್ ಮಾಡಿ, ಲಾಭಕ್ಕೆ ಮಾರಿದರು. ಈಗಿನ ಭಾಷೆಯಲ್ಲಿ ಸರಿಯಾದ ಎಕ್ಸಿಟ್! 1877ರಲ್ಲಿ ನಾಗಪುರದ ಎಂಪ್ರೆಸ್ ಮಿಲ್ ಶುರುವಾಯ್ತು. ಮುಂಬೈ ಬಿಟ್ಟು ಅಲ್ಲಿಗ್ಯಾಕೆ ಅಂತ ಕೇಳಿದವರು ಬಹಳ. ಹತ್ತಿ ಬೆಳೆಯೋದೇ ಆ ಕಡೆ ಅನ್ನೋದು ಅವರ ಲೆಕ್ಕ, ಆ ಲೆಕ್ಕ ತಪ್ಪಲಿಲ್ಲ.

ಆದರೆ ನಮಗೆ ಮುಖ್ಯ ಅನ್ನಿಸೋದು 1892. ಆ ವರ್ಷ ಅವರು ವಿದೇಶಕ್ಕೆ ಓದಲು ಹೋಗುವ ಭಾರತೀಯರಿಗಾಗಿ ಜೆ. ಎನ್. ಟಾಟಾ ಎಂಡೋಮೆಂಟ್ ಕಟ್ಟಿದರು. ಅದು ದಾನ ಅಲ್ಲ, ಸಾಲ. ಓದಿ ಕೆಲಸ ಹಿಡಿದವರು ವಾಪಸ್ ಕಟ್ಟಬೇಕು, ಆ ದುಡ್ಡು ಇನ್ನೊಬ್ಬರ ಓದಿಗೆ ಹೋಗಬೇಕು. ಕಂಪನಿಯಲ್ಲಿ ಪಾಲು ಕೇಳಲ್ಲ ಅನ್ನೋದು ಬಿಟ್ಟರೆ ಅಲುಮ್ನಿ ಫಂಡಿನ ಚಕ್ರವೂ ಇದೇ ತರ ತಿರುಗುತ್ತೆ. ಹಳಬರ ದುಡ್ಡು ವಾಪಸ್ ಬರದಿದ್ದರೆ ಹೊಸಬರಿಗೆ ಸಿಗಲ್ಲ. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ 1945ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋಗಿದ್ದು ಟಾಟಾ ಸ್ಕಾಲರ್ ಆಗಿಯೇ. 1974ರ ಪೋಖ್ರಾನ್ ಪರೀಕ್ಷೆಯ ಮುಂದಾಳು ಅವರು. ಸಾಲ ಕೊಟ್ಟ ಮನುಷ್ಯ ಆ ಹೊತ್ತಿಗೆ ತೀರಿಕೊಂಡು ನಲವತ್ತು ವರ್ಷ ದಾಟಿತ್ತು.

ಇದಕ್ಕಿಂತ ದೊಡ್ಡ ರಿಸ್ಕ್ ವಿಜ್ಞಾನ ಸಂಸ್ಥೆಯದ್ದು. 1898ರಲ್ಲಿ ಅದಕ್ಕಾಗಿ ಅವರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿ ಕೊಡಲು ಮುಂದಾದರು. ಅಷ್ಟು ಓದೋಕೆ ಹುಡುಗರು ಎಲ್ಲಿದ್ದಾರೆ, ಓದಿದರೂ ಕೆಲಸ ಎಲ್ಲಿದೆ ಅಂತ ವೈಸ್‌ರಾಯ್ ಕರ್ಜನ್‌ಗೆ ಅನುಮಾನ. (ಪ್ಲೇಸ್‌ಮೆಂಟ್ ಚಿಂತೆ ಆಗಲೂ ಇತ್ತು ನೋಡಿ.) ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಬಂದು ನೋಡಿ ಬೆಂಗಳೂರು ಸರಿ ಅಂದರು. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. ಆದರೂ ಸರ್ಕಾರದ ಕಡತ ಜರುಗಲಿಲ್ಲ. 1904ರ ಮೇ 19ರಂದು ಟಾಟಾ ಜರ್ಮನಿಯಲ್ಲಿ ತೀರಿಕೊಂಡಾಗ ಸಂಸ್ಥೆಯ ಒಂದು ಗೋಡೆಯೂ ಎದ್ದಿರಲಿಲ್ಲ. ಆದರೆ ಮಕ್ಕಳು ಮಾತು ಹಿಂದೆ ತಗೊಳ್ಳಲಿಲ್ಲ, ಆಸ್ತಿ ಸಂಸ್ಥೆಗೇ ಹೋಯಿತು.

1909ರಲ್ಲಿ ಸಂಸ್ಥೆ ಸ್ಥಾಪನೆಯಾಗಿ, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಆರಂಭದ ವಿಭಾಗಗಳು ರಸಾಯನಶಾಸ್ತ್ರದ್ದು ಮತ್ತು ಎಲೆಕ್ಟ್ರಿಕಲ್ ಟೆಕ್ನಾಲಜಿ. ಬೋರ್ಡಿನ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆ ಅಂತಿದ್ದರೂ ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಆ ಸ್ಟಾಪು ಈಗಲೂ ಟಾಟಾ ಇನ್‌ಸ್ಟಿಟ್ಯೂಟೇ.