ಅಜ್ಜಮಾಡ ದೇವಯ್ಯ: ತಡವಾಗಿ ದೊರೆತ ಸಾಕ್ಷ್ಯ

ತುರುಗಳನ್ನು ಕಾಯಲು ಹೋರಾಡಿ ಮಡಿದವನಿಗೆ ವೀರಗಲ್ಲು ನಿಲ್ಲಿಸುವ ಸಂಪ್ರದಾಯ ನಮ್ಮದು. ಹಾಗೆ ಕಲ್ಲು ನಿಲ್ಲಬೇಕಾದರೆ ಆ ಹೋರಾಟವನ್ನು ಕಂಡು ಹೇಳುವವರು ಇರಬೇಕು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೊಪ್ಪಯ್ಯ ದೇವಯ್ಯನವರ ಪಾಲಿಗೆ ಅಂತಹ ಸಾಕ್ಷ್ಯ ದೊರೆತುದು ಎದುರುಪಕ್ಷದಿಂದ. ಅದೂ ಬಹಳ ತಡವಾಗಿ.

ದೇವಯ್ಯನವರು 1932ರ ಡಿಸೆಂಬರ್ 24ರಂದು ಕೊಡಗಿನಲ್ಲಿ ಜನಿಸಿದರು. 1954ರಲ್ಲಿ ಭಾರತೀಯ ವಾಯುಪಡೆಯ ಪೈಲಟ್ ಆಗಿ, ಮುಂದೆ ಕಿರಿಯರಿಗೆ ಹಾರಾಟ ಕಲಿಸುವ ಶಿಕ್ಷಕರೂ ಆದರು. 1965ರ ಯುದ್ಧದ ಸಂದರ್ಭದಲ್ಲಿ ಅವರನ್ನು ಮಿಸ್ಟೇರ್ ವಿಮಾನಗಳ ಒಂದನೆಯ ಸ್ಕ್ವಾಡ್ರನ್‌ಗೆ ನಿಯೋಜಿಸಲಾಯಿತು.

ಆ ವರ್ಷದ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬಿನ ಆದಂಪುರದಿಂದ 12 ಮಿಸ್ಟೇರ್‌ಗಳು ಪಾಕಿಸ್ತಾನದ ಪ್ರಮುಖ ವಾಯುನೆಲೆಯಾದ ಸರ್ಗೋಧಾದ ಮೇಲೆ ದಾಳಿಗೆ ಹೊರಟವು. ವಿಂಗ್ ಕಮಾಂಡರ್ ಓ. ಪಿ. ತನೇಜಾ ಅದರ ನಾಯಕರು. ದೇವಯ್ಯನವರು ಮೂಲತಃ ಆ ಹನ್ನೆರಡರಲ್ಲಿ ಒಬ್ಬರಲ್ಲ. ಯಾರಾದರೂ ಹಿಂದುಳಿದರೆ ಆ ಸ್ಥಾನವನ್ನು ತುಂಬಲೆಂದು ಕಾದಿರಿಸಲ್ಪಟ್ಟವರು. ಒಂದು ಸ್ಥಾನ ತೆರವಾಯಿತು. ಅವರು ತಂಡವನ್ನು ಕೂಡಿಕೊಂಡರು. ದಾಳಿಯ ವಿಮಾನಗಳಿಗೆ ಬೆಂಗಾವಲಾಗಿ ಬೇರೆ ಯುದ್ಧವಿಮಾನಗಳಿರಲಿಲ್ಲ.

ಸರ್ಗೋಧಾದ ಬಳಿ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಸ್ಟಾರ್‌ಫೈಟರ್ ದೇವಯ್ಯನವರನ್ನು ಎದುರಿಸಿತು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಆ ವಿಮಾನದೆದುರು ಮಿಸ್ಟೇರ್ ನಿಧಾನಗತಿಯದು. ಗುಂಡೇಟಿನಿಂದ ದೇವಯ್ಯನವರ ವಿಮಾನ ಜಖಂಗೊಂಡಿತು. ಆದರೂ ಅವರು ಹಿಮ್ಮೆಟ್ಟದೆ ತಿರುಗಿ ನಿಂತರು. ನೆಲಕ್ಕೆ ಸಮೀಪದ ಎತ್ತರದಲ್ಲಿ, ವೇಗಕ್ಕಿಂತ ತಿರುವಿಗೇ ಬೆಲೆಯಿರುವ ಕಾಳಗದಲ್ಲಿ, ಅವರ ಗುಂಡುಗಳು ಸ್ಟಾರ್‌ಫೈಟರನ್ನು ತಾಗಿದವು. ಅಮ್ಜದ್ ಹುಸೇನ್ ಧುಮುಕುಕೊಡೆಯ ನೆರವಿನಿಂದ ಬದುಕಿಕೊಂಡರು, ದೇವಯ್ಯನವರು ಮರಳಲಿಲ್ಲ. ಅವರಿಗೆ ಆಗ ಮೂವತ್ತಮೂರು ಕೂಡ ತುಂಬಿರಲಿಲ್ಲ. ಬೆಂಗಾವಲಿಲ್ಲದ ತಂಡಕ್ಕೆ ಆ ಗಳಿಗೆಯಲ್ಲಿ ಅವರೇ ಬೆಂಗಾವಲಾಗಿದ್ದರು.

ಮರಳಿ ಬಂದ ಸಂಗಾತಿಗಳಿಗೆ ಈ ಕಾಳಗದ ವಿವರ ತಿಳಿದಿರಲಿಲ್ಲ. ದೇವಯ್ಯನವರು ಕಾಣೆಯಾದವರೆಂದಷ್ಟೇ ದಾಖಲೆಯಲ್ಲಿ ಉಳಿದರು. ಪಾಕಿಸ್ತಾನ ವಾಯುಪಡೆಯ ಸಹಕಾರದಿಂದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಗ್ರಂಥವು 1979ರಲ್ಲಿ ಪ್ರಕಟವಾದಾಗ ಸ್ಟಾರ್‌ಫೈಟರ್ ಪತನದ ವೃತ್ತಾಂತ ಬೆಳಕಿಗೆ ಬಂದಿತು. ಆ ದಿನದ ದಾಳಿಯ ವಿವರಗಳೊಡನೆ ಅದನ್ನು ಹೋಲಿಸಿ ನೋಡಿದಾಗ, ಆ ಮಿಸ್ಟೇರ್ ದೇವಯ್ಯನವರದೇ ಎಂಬುದು ಸ್ಪಷ್ಟವಾಯಿತು. 1988ರಲ್ಲಿ, ಮರಣಾನಂತರ ಇಪ್ಪತ್ತಮೂರು ವರ್ಷಗಳ ಮೇಲೆ, ಅವರಿಗೆ ಮಹಾವೀರ ಚಕ್ರ ಸಂದಿತು. ಅವರ ಪತ್ನಿ ಅದನ್ನು ಸ್ವೀಕರಿಸಿದರು. ಮಡಿಕೇರಿಯಲ್ಲಿ ಇಂದು ಅವರ ಪ್ರತಿಮೆಯಿದೆ.

ಶಾಸನಗಳನ್ನು ಓದುವ ನಮಗೆ ಈ ಜೀವನಚರಿತ್ರೆಯಲ್ಲಿ ಒಂದು ಎಚ್ಚರಿಕೆಯೂ ಉಂಟು. ದಾಖಲೆ ಮೌನವಾಗಿದ್ದ ಮಾತ್ರಕ್ಕೆ ಘಟನೆ ನಡೆಯಲಿಲ್ಲವೆಂದು ತೀರ್ಮಾನಿಸಲಾಗದು. ನಮ್ಮವರ ಹಿರಿಮೆಯನ್ನು ತಿಳಿಯಲು ಕೆಲವೊಮ್ಮೆ ಎದುರಾಳಿ ಬರೆದಿಟ್ಟ ಪುಟವನ್ನೂ ತೆರೆದು ನೋಡಬೇಕಾಗುತ್ತದೆ.