ಮಕ್ಕಾಬಿಯಾ ಕ್ರೀಡಾಕೂಟದ ರೂವಾರಿ ಯೆಕುಟಿಯೆಲಿ

ಹದಿನೈದರ ಹರೆಯದಲ್ಲಿ ಮೊಳೆತ ಕನಸು ಕೈಗೂಡಲು ಇಪ್ಪತ್ತು ವರ್ಷ ಹಿಡಿಯಿತು. ಇಂದಿನ ಬೆಲಾರೂಸ್‌ಗೆ ಸೇರಿದ ಕೋಬ್ರಿನ್ ಪಟ್ಟಣದಲ್ಲಿ 1897ರಲ್ಲಿ ಜನಿಸಿದ ಯೋಸೆಫ್ ಯೆಕುಟಿಯೆಲಿ, ಬಾಲ್ಯದಲ್ಲೇ ಪ್ಯಾಲೆಸ್ಟೈನ್‌ಗೆ ಬಂದು ನೆಲೆಸಿದವರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ವಾರ್ತೆ ಅವರನ್ನು ಆವರಿಸಿತು. ದೇಶದೇಶಗಳಲ್ಲಿ ಚದುರಿದ್ದ ಯಹೂದಿ ಕ್ರೀಡಾಪಟುಗಳನ್ನು ಒಂದೇ ಅಂಗಳದಲ್ಲಿ ಸೇರಿಸುವ ಅವರ ಹಂಬಲ ಹಲವರಿಗೆ ಹುಚ್ಚು ಕಲ್ಪನೆಯಾಗಿ ತೋರಿತು.

ಅವರು ಪಟ್ಟು ಬಿಡಲಿಲ್ಲ. 1930 ಮತ್ತು 1931ರಲ್ಲಿ ಮೋಟಾರ್‌ಸೈಕಲ್ ಸವಾರರ ತಂಡಗಳು ಟೆಲ್ ಅವೀವ್‌ನಿಂದ ಹೊರಟು ಯುರೋಪಿನ ಯಹೂದಿ ನೆಲೆಗಳಲ್ಲಿ ಕೂಟದ ಸುದ್ದಿ ಸಾರಿದವು. 1932ರ ಮಾರ್ಚ್‌ನಲ್ಲಿ, ಬ್ರಿಟಿಷ್ ಆಡಳಿತದ ಸಮ್ಮತಿ ಪಡೆದು, ಟೆಲ್ ಅವೀವ್‌ನಲ್ಲಿ ಮೊದಲ ಮಕ್ಕಾಬಿಯಾ ನಡೆಯಿತು. ಸುಮಾರು 390 ಮಂದಿ ಪಾಲ್ಗೊಂಡರು.

1935ರ ಎರಡನೆಯ ಕೂಟದ ಹೊತ್ತಿಗೆ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೇರಿದ್ದ. ಪಂದ್ಯ ಮುಗಿದರೂ ಅನೇಕರು ಊರಿಗೆ ಮರಳಲಿಲ್ಲ. ಬಲ್ಗೇರಿಯಾದ ತಂಡವಂತೂ ವಾದ್ಯಗಳನ್ನಷ್ಟೇ ಹಿಂದಕ್ಕೆ ಕಳುಹಿಸಿ ಅಲ್ಲಿಯೇ ಉಳಿಯಿತು! ಪದಕಕ್ಕಿಂತ ಪ್ರಾಣ ದೊಡ್ಡದಲ್ಲವೇ? ವಲಸೆಗೆ ಅಂಜಿದ ಬ್ರಿಟಿಷರು ಒಪ್ಪದೆ 1938ರ ಕೂಟ ರದ್ದಾಯಿತು. ಆ ಬಾಗಿಲೂ ಮುಚ್ಚಿತು.

ಮೂರನೆಯ ಮಕ್ಕಾಬಿಯಾ ನಡೆದದ್ದು 1950ರಲ್ಲಿ, ಸ್ವತಂತ್ರ ಇಸ್ರೇಲ್‌ನಲ್ಲಿ. ಅಷ್ಟರಲ್ಲಿ ಯುರೋಪಿನ ಎಷ್ಟೋ ಯಹೂದಿ ಕ್ರೀಡಾಸಂಘಗಳು ಹೇಳಹೆಸರಿಲ್ಲದಂತಾಗಿದ್ದವು. 1979ರಲ್ಲಿ ಇಸ್ರೇಲ್ ಪ್ರಶಸ್ತಿಗೆ ಪಾತ್ರರಾದ ಯೆಕುಟಿಯೆಲಿ 1982ರಲ್ಲಿ ನಿಧನರಾದರು.